ಅತ್ತೆಗೆ ಕೇಳಿಸದ ಮಾತು

ಟೀಚರ್ ಆಗಿದ್ದ ಸೋದರತ್ತೆಯನ್ನು ದಿನಾ ಬೆಳಿಗ್ಗೆ ಕಾರಿನಲ್ಲಿ ಶಾಲೆಗೆ ಬಿಡುವುದು ಕುಮುದಳ ಕೆಲಸ. ಅವಳು ಪ್ರೀತಿಸುತ್ತಿದ್ದ ಲೋಹಿತ ಫೋನು ಮಾಡುತ್ತಿದ್ದದ್ದೂ ಅದೇ ಹೊತ್ತಿಗೆ. ಕಾರಿನಲ್ಲಿ ಫೋನು ಎತ್ತಿದರೆ ಮಾತೆಲ್ಲ ಕಾರಿನ ಸ್ಪೀಕರಿನಲ್ಲೇ ಕೇಳುತ್ತಿತ್ತು. ಹಿಂದಿನ ಸೀಟಿನ ಅತ್ತೆಗೆ ಗುಟ್ಟು ತಿಳಿದರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬಿತ್ತೆಂದೇ ಲೆಕ್ಕ. ಹೆದರಿ ಅವಳು ಫೋನು ಎತ್ತುತ್ತಲೇ ಇರಲಿಲ್ಲ.

ಕಾರಿಗೆ ಸ್ಪೀಕರ್ ಕೂರಿಸುವುದೇ ಲೋಹಿತನ ಕಸುಬು.

"ಫಿಲ್ಟರ್ ಹಾಕ್ತೀನಿ ಬಿಡು. ಸಣ್ಣ ದನಿಯೆಲ್ಲ ಮುಂದಿನ ಸ್ಪೀಕರಿಗೆ, ದಪ್ಪ ದನಿಯೆಲ್ಲ ಹಿಂದಿನದಕ್ಕೆ. ನಿಮ್ಮತ್ತೆಗೆ ಮಾತೇ ಕೇಳ್ಸಲ್ಲ," ಎಂದ.

ಹಾಕಿದ ಮೇಲೆ ಅವಳಿಗೆ ಅಂಗಡಿಯೊಳಗಿಂದ ಫೋನಿನಲ್ಲಿ ಮಾತಾಡಲು ಹೇಳಿ, ತಾನು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಪರೀಕ್ಷಿಸಿದ. ಕೊಳಲಿನಂಥ ಅವಳ ದನಿ ಮುಂದೆಯೇ ಉಳಿಯಿತು. ಏಳು ಸುತ್ತಿನ ಕೋಟೆ ಕಟ್ಟಿದವರಂತೆ ಇಬ್ಬರೂ ಬೀಗಿದರು.

ಮರುದಿನ ಅತ್ತೆ ಹತ್ತಿ ಕೂತರು. ಫೋನು ಬಂತು. ಕುಮುದ ಮೊದಲ ಸಲ ಧೈರ್ಯವಾಗಿ ಎತ್ತಿದಳು. ಮುಂದಿನ ಸ್ಪೀಕರಿನಲ್ಲಿ ಬರೀ ಪಿಸಪಿಸ.

"ಏನೂ ಕೇಳ್ತಿಲ್ವಲ್ಲೋ! ಇನ್ನೊಂದ್ಸಲ ಹೇಳು," ಎಂದಳು.

ಅತ್ತೆ ಮುಂದಕ್ಕೆ ಬಾಗಿದರು.

"ರಾತ್ರಿಯೆಲ್ಲ ನಿನ್ನದೇ ಕನಸಂತೆ ಕಣೇ. ಎಷ್ಟು ದಪ್ಪ ದನಿಯೇ ಅವನದು! ಭಾನುವಾರ ಬಂದು ನಿಮ್ಮಪ್ಪನ ಹತ್ರಾನೂ ಹೀಗೇ ಮಾತಾಡ್ಲಿ ಅನ್ನು."