ಬೋರ್ಡ್ ನೋಡಿ ಬಂದವನು

“ಈ ವಯಸ್ಸಲ್ಲಿ ಕಾಲೇಜಾ? ಎಲ್ರೂ ನಗ್ತಾರೆ ಕಣೋ,” ಅಂದಳು ಅಕ್ಕ.

“ಸಂಜೆ ಕಾಲೇಜಿಗೆ ನಿನ್ನ ವಯಸ್ಸಿನವರೂ ಬರ್ತಾರೆ.”

“ಇಂಗ್ಲಿಷ್ ಬರಲ್ಲ.”

“ಕನ್ನಡದಲ್ಲೇ ಬರೆಯಬಹುದು.”

“ಎಸ್ಸೆಸ್ಸೆಲ್ಸಿಯಲ್ಲೇ ಫೇಲಾದವಳನ್ನ ಯಾರು ಸೇರಿಸ್ಕೋತಾರೆ?”

ಮೂವತ್ತು ವರ್ಷದ ಹಿಂದೆ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಅವಳ ರಿಸಲ್ಟ್ ನೋಡಿ ಬಂದವನು ನಾನೇ. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಾಲೇಜಿಗೆ ಕಳಿಸುವುದಾಗಿ ಅಪ್ಪ ಹೇಳಿಬಿಟ್ಟಿದ್ದರು. ಮನೆಗೆ ಬಂದು, “ಅಕ್ಕ ಫೇಲು” ಅಂದಿದ್ದೆ.

ಇಷ್ಟು ವರ್ಷ ಬಚ್ಚಿಟ್ಟಿದ್ದ ಅವಳ ಮಾರ್ಕ್ಸ್ ಕಾರ್ಡನ್ನು ಜೇಬಿನಿಂದ ತೆಗೆದು ಮುಂದಿಟ್ಟೆ. ಫಸ್ಟ್ ಕ್ಲಾಸ್. ತಲೆ ಎತ್ತಲಾಗಲಿಲ್ಲ.

ಅವಳು ಅದನ್ನು ಓದಲೂ ಇಲ್ಲ. ಆಗಲೇ ತುಂಬಿಸಿಟ್ಟಿದ್ದ ಕಾಲೇಜಿನ ಅರ್ಜಿಯನ್ನು ಹಾಸಿಗೆಯಡಿಯಿಂದ ತೆಗೆದು, ಜೊತೆಗಿಟ್ಟು ಪಿನ್ ಮಾಡಿದಳು.

“ಇದು ನಿನ್ನ ಕೈಯಿಂದಲೇ ಬರಲಿ ಅಂತ ಕಾದೆ. ಬೋರ್ಡನ್ನ ಮಾರನೇ ದಿನವೇ ನಾನೂ ನೋಡಿದ್ದೆ ಕಣೋ.”