ನಾಲ್ಕು ಬಿಗಿ ಸಾಲು

ಎರೆಯುವ ನೀರು ಕಾದಿದೆಯೇ ನೋಡಲು ಅವ್ವ ತುಳಸವ್ವ ಹಿತ್ತಲಿಗೆ ಹೋದದ್ದೇ ತಡ, ನೀಲಮ ಅವಳ ಬೀಡಿ ಎಲೆಯ ಬುಟ್ಟಿಗೆ ಕೈಹಾಕಿ, ಕೂಸಿಗೆಂದು ತಾನು ಅರ್ಧ ಹೆಣೆದಿದ್ದ ಉಲ್ಲನ್ ಟೋಪಿಯನ್ನು ಎಳೆದುಕೊಂಡಳು. ಕಾಲೇಜಿನ ನಂತರ ಮರೆತೇಹೋಗಿದ್ದ ಹೆಣಿಗೆಯನ್ನು ಮಗಳು ಹುಟ್ಟಿದ ಮೇಲೆ ಮತ್ತೆ ಹಿಡಿದಿದ್ದಳು. "ಬಾಣಂತಿ ಸೂಜಿ ಹಿಡೀಬಾರ್ದು, ಕಣ್ಣ ಹೋಗ್ತಾವ," ಎಂದು ಅವ್ವ ದಿನಾ ಕಸಿದು ಬಚ್ಚಿಡುತ್ತಿದ್ದಳು. ಹಗಲೆಲ್ಲ ಹಾಲು, ಅಳು, ಒದ್ದೆ ಬಟ್ಟೆ. ತನ್ನದೆಂದು ಉಳಿದದ್ದು ಈ ಹನ್ನೆರಡು ಸಾಲು ಮಾತ್ರ, ಅದಕ್ಕೂ ಕಾವಲು.

ಎಣಿಸಿದರೆ ಹದಿನಾರು ಸಾಲು ಇದ್ದವು. ಮೇಲಿನ ನಾಲ್ಕು ಸಾಲು ಬೀಡಿಯಂತೆ ಬಿಗಿಯಾಗಿದ್ದು, ಟೋಪಿ ಅಲ್ಲಿ ಇಕ್ಕಟ್ಟಾಗಿತ್ತು. ಮೂಸಿದರೆ ತಂಬಾಕಿನ ಘಾಟು. ಬೇಡವೆಂದು ಕಸಿದುಕೊಂಡವಳೇ ಹೆಣೆದು ಕೆಡಿಸಿದ್ದಳು. ನೀಲಮ ಸಿಟ್ಟಿನಿಂದ ದಾರ ಎಳೆದು ಬಿಚ್ಚತೊಡಗಿದಳು.

"ಬಿಚ್ಚಬ್ಯಾಡ." ಅವ್ವ ಬಾಗಿಲಲ್ಲಿ ನಿಂತಿದ್ದಳು. "ನೀ ಹುಟ್ಟಿದಾಗ ನಮ್ಮತ್ತಿ ನನ್ನ ಕೈಯಾಗಿನ ಸೂಜಿನೂ ಹಿಂಗ ಕಸಗೊಂಡಿದ್ಲು. ಆಮ್ಯಾಲ ಬರೇ ಬೀಡಿ ಕಟ್ಟಿದ್ನಿ. ಕೈಗೆ ನೆನಪೈತೇನಂತ ನೋಡಿದ್ನಿ."

ನೀಲಮಳ ಸಿಟ್ಟು ಇಳಿಯಲಿಲ್ಲ. ಆದರೂ ಹೊರಸಿನ ಮೇಲೆ ಆಚೆ ಸರಿದು ಜಾಗ ಮಾಡಿ, ಸೂಜಿಗಳನ್ನು ಅವ್ವನತ್ತ ಚಾಚಿದಳು.

"ಸಡಿಲ ಹೆಣಿ, ಅವ್ವಾ. ಕೂಸಿನ ತಲಿ ಹಿಡೀಬೇಕಲ್ಲ."