ಯಾರ ಮನೆಯ ಎಣ್ಣೆ

“ಕರಿದ ಎಣ್ಣೇನ ಸಿಂಕಿಗೆ ಸುರೀಬೇಡಿ ಅಂತ ಬಾಯಿ ಬಡ್ಕೊಂಡಿದ್ದೆ. ಇದು ಯಾರ ಮನೇದು?” ಮ್ಯಾನ್‌ಹೋಲಿನಿಂದ ಬಿಳಿ ಜಿಡ್ಡಿನ ಗಡ್ಡೆಯನ್ನೆತ್ತಿ ರಸ್ತೆಗೆಸೆದ ಮೇಸ್ತ್ರಿ, ತನ್ನದೇ ಬೀದಿಯವರ ಮೇಲೆ ಹರಿಹಾಯ್ದ.

“ನಮ್ದಂತೂ ಅಲ್ಲಪ್ಪ,” ಎಂದರು ಎಲ್ಲರೂ. ಎದುರುಮನೆಯ ಅಜ್ಜ ಮೂಲೆಯ ಹೋಟೆಲಿನವನತ್ತ ಬೆರಳು ತೋರಿಸಿದ. ಹೋಟೆಲಿನವನು ತೋಳೇರಿಸಿದ.

“ಜಗಳ ಯಾಕೆ? ತಡೀರಿ, ಪೈಪೇ ಹೇಳುತ್ತೆ,” ಎಂದು ಮೇಸ್ತ್ರಿ ಗುಂಡಿಯತ್ತ ಬಗ್ಗಿದ. ಎಲ್ಲರೂ ಬಗ್ಗಿದರು. ಮನೆಮನೆಗಳಿಂದ ಬಂದು ಸೇರುವ ಪೈಪುಗಳಲ್ಲಿ ಒಂದು ಗೊಳಗೊಳ ಎಂದಿತು. ಕರಿದ ವಾಸನೆ ಇನ್ನೂ ಹೋಗದ ಹಳದಿ ಎಣ್ಣೆ ನೀಲಿ ಪೈಪಿನಿಂದ ಇಳಿಯತೊಡಗಿತು. ಆ ನೀಲಿ ಪೈಪನ್ನು ಹೋದ ವರ್ಷ ತನ್ನ ಮನೆಗೆಂದು ಮೇಸ್ತ್ರಿಯೇ ಜೋಡಿಸಿದ್ದ.

ಅಡುಗೆಮನೆಯ ಕಿಟಕಿಯಿಂದ ಅವನ ಅಮ್ಮ ಕೂಗಿದಳು: “ಕೆಲಸ ಆಮೇಲೆ ಮಾಡೀಯಂತೆ, ಬಾರೋ ಮಗಾ. ನಿಂಗೆ ಅಂತಾನೇ ಈಗಷ್ಟೇ ಬಜ್ಜಿ ಕರಿದಿದೀನಿ.”